ಪೊರೆ ಮತ್ತು ಗ್ಲುಕೋಮಾ, ಎರಡಕ್ಕೂ ಒಂದೇ ಆಪರೇಷನ್: ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾನು ಕಂಡದ್ದು

‘ವಧು’ ಎಂಬ ಪದ ‘ವದು’ ಎಂದು ಐನೂರು ಲಗ್ನಪತ್ರಿಕೆಗಳಲ್ಲಿ ಅಚ್ಚಾಗಿಹೋಯಿತು. ಅದರ ಕರಡು ನೋಡಿದವನು ನಾನು. ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ 38 ವರ್ಷ ಕರಡು ತಿದ್ದಿ ಸಂಸಾರ ನಡೆಸಿದ್ದೇನೆ. ಅಚ್ಚುಮೊಳೆಯ ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ದಕಾರವನ್ನೂ ಧಕಾರವನ್ನೂ ನಿದ್ದೆಗಣ್ಣಿನಲ್ಲೂ ಬೇರೆ ಮಾಡುತ್ತಿದ್ದೆ. 2022ರ ನವೆಂಬರಿನಲ್ಲಿ ಆ ಅಕ್ಷರದ ಹೊಟ್ಟೆಯ ಸೀಳು ನನಗೆ ಕಾಣಲಿಲ್ಲ. ಹುಡುಗಿಯ ತಂದೆ ಒಂದು ಮಾತೂ ಬೈಯಲಿಲ್ಲ. “ಮಾಸ್ತರೇ, ಮೊದಲು ಕಣ್ಣು ತೋರಿಸಿಕೊಳ್ಳಿ” ಎಂದು ಹೇಳಿ ಪತ್ರಿಕೆಗಳ ಕಟ್ಟನ್ನು ಹೊತ್ತುಕೊಂಡು ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಕಣ್ಣಿನಲ್ಲಿ ಪೊರೆಯೂ ಇದೆ, ಒಳಗಿನ ಒತ್ತಡ ಕಣ್ಣಿನ ನರವನ್ನು ಸವೆಸುವ ಗ್ಲುಕೋಮಾವೂ ಇದೆ ಎಂದು ತಿಳಿದು ದಿಕ್ಕು ತೋಚದೆ ಕುಳಿತವರಿಗೆ ಉಪಯೋಗವಾಗಲಿ ಎಂದು, ನಾನು ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಪಡೆದ ಚಿಕಿತ್ಸೆಯನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಅಲ್ಲಿ ಆದ ಒಂದು ತಪ್ಪನ್ನೂ ಬರೆಯಬೇಕಿದೆ. ಆ ತಪ್ಪು ಎಲ್ಲಿ ಬೇಕಾದರೂ ಆಗುವಂಥದ್ದು. ನೀವು ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಹುಬ್ಬಳ್ಳಿಗೆ ಹೋಗುವ ಮೊದಲು ಒಂದು ತಿಂಗಳು ಸುಮ್ಮನೆ ಕಳೆಯಿತು. ಕನ್ನಡಕದ ಅಂಗಡಿಯಲ್ಲಿ ಎರಡು ಸಲ ಗಾಜು ಬದಲಾಯಿಸಿದರು. ಒಂದು ಉಚಿತ ಶಿಬಿರದಲ್ಲಿ ಟಾರ್ಚ್ ಹಿಡಿದು ನೋಡಿ, “ಮೋತಿಬಿಂದು ಬಂದಿದೆ, ಬುಧವಾರ ಬನ್ನಿ, ಹತ್ತು ನಿಮಿಷದ ಕೆಲಸ” ಎಂದರು. ಕಣ್ಣಿನ ಒತ್ತಡವನ್ನು ಯಾರೂ ಅಳೆಯಲಿಲ್ಲ. ನನ್ನ ಅವ್ವನಿಗೂ ಹೀಗೆಯೇ ಆಗಿತ್ತು. ಪೊರೆ ತೆಗೆಸಿದ ಮೇಲೂ ಅವಳ ಕಣ್ಣು ಮಬ್ಬಾಗುತ್ತಲೇ ಹೋಯಿತು. ಕೊನೆಯ ನಾಲ್ಕು ವರ್ಷ ಅವಳು ಗೋಡೆ ಹಿಡಿದುಕೊಂಡೇ ಓಡಾಡಿದಳು. ಮನೆಯವರೆಲ್ಲ ಹಣೆಬರಹ ಎಂದೆವು. ಬುಧವಾರ ಶಿಬಿರಕ್ಕೆ ಹೋಗದಂತೆ ನನ್ನನ್ನು ತಡೆದದ್ದು ಆ ನೆನಪು.

2023ರ ಜನವರಿಯಲ್ಲಿ ಹೆಂಡತಿಯ ಜೊತೆ ಬೆಳಗಿನ ರೈಲು ಹತ್ತಿದೆ. ಅಣ್ಣಿಗೇರಿ ದಾಟುವಾಗ ಎಡಗಣ್ಣನ್ನು ಕೈಯಿಂದ ಮುಚ್ಚಿ ಬಲಗಣ್ಣಿನಿಂದ ನಿಲ್ದಾಣದ ಫಲಕ ಓದಲು ನೋಡಿದೆ. ಹಳದಿ ಬಣ್ಣ ಕಂಡಿತು, ಅಕ್ಷರ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಚೀಟಿಗೆ 150 ರೂಪಾಯಿ. ಎಂಟೂವರೆಗೆ ಹೆಸರು ಬರೆಸಿದರೆ ವೈದ್ಯರ ಮುಂದೆ ಕೂರುವಾಗ ಮಧ್ಯಾಹ್ನ ಎರಡು ಗಂಟೆ. ಕಾಯುವ ಕೋಣೆಯಲ್ಲಿ ಕುರ್ಚಿಗಳು ಸಾಲವು. ಕಣ್ಣಿಗೆ ಹನಿ ಹಾಕಿಸಿಕೊಂಡ ಮುದುಕರು ಗೋಡೆಗೆ ಒರಗಿ ನಿಂತಿರುತ್ತಾರೆ. ಇಷ್ಟು ದೊಡ್ಡ ಕಟ್ಟಡ ಕಟ್ಟಿದವರು ಇನ್ನೂ ನಾಲ್ಕು ಬೆಂಚು ಹಾಕಿಸಬೇಕು. ಊಟ ಕಟ್ಟಿಕೊಂಡು ಹೋಗಿ, ಕ್ಯಾಂಟೀನಿನಲ್ಲಿ ಚಹಾ ಬಿಟ್ಟರೆ ಹೊಟ್ಟೆ ತುಂಬುವಂಥದ್ದು ಏನೂ ಇಲ್ಲ.

ಪರೀಕ್ಷೆಗಳ ವಿಷಯದಲ್ಲಿ ಮಾತ್ರ ಬೆರಳಿಟ್ಟು ತೋರಿಸುವಂಥ ಕೊರತೆ ಇರಲಿಲ್ಲ. ಕಣ್ಣಿಗೆ ಹಳದಿ ಬಣ್ಣ ತಾಗಿಸಿ, ನೀಲಿ ಬೆಳಕಿನ ಸಣ್ಣ ತುದಿಯನ್ನು ಕರಿಗುಡ್ಡೆಗೆ ಮುಟ್ಟಿಸಿ ಒತ್ತಡ ಅಳೆದರು. ಸಾಮಾನ್ಯವಾಗಿ 10ರಿಂದ 21 ಇರಬೇಕಾದದ್ದು ಬಲಗಣ್ಣಿನಲ್ಲಿ 34, ಎಡಗಣ್ಣಿನಲ್ಲಿ 26 ಇತ್ತು. ಕನ್ನಡಿಯಿರುವ ಮಸೂರವೊಂದನ್ನು ಕಣ್ಣಿನ ಮೇಲಿಟ್ಟು, ನೀರು ಹೊರಹೋಗುವ ಕೋನ ತೆರೆದಿದೆಯೋ ಮುಚ್ಚಿದೆಯೋ ನೋಡಿದರು. ನನ್ನದು ತೆರೆದ ಕೋನ. ಪೊರೆ ಎಂದು ಹೇಳಿ ಕಳಿಸುವ ಮೊದಲು ಈ ಎರಡು ಪರೀಕ್ಷೆ ಆಗಿವೆಯೇ ಎಂದು ದಯವಿಟ್ಟು ಬಾಯಿಬಿಟ್ಟು ಕೇಳಿ.

ಆಮೇಲೆ ದೃಷ್ಟಿ ಕ್ಷೇತ್ರದ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿಂಚಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಡಗಣ್ಣಿನಲ್ಲಿ ಒತ್ತುತ್ತಲೇ ಇದ್ದೆ. ಬಲಗಣ್ಣಿನ ಸರದಿ ಬಂದಾಗ ಸ್ವಲ್ಪ ಹೊತ್ತು ಒತ್ತಿದೆ, ಆಮೇಲೆ ಬೆಳಕು ನಿಂತುಹೋಯಿತು. “ಯಂತ್ರ ಕೆಟ್ಟಿದೆ ಏನಮ್ಮಾ?” ಎಂದು ಕೇಳಿದೆ. ಆ ಹುಡುಗಿ ತಡೆದು, “ಇಲ್ಲ ಕಾಕಾ, ಬೆಳಕು ಬರುತ್ತಿದೆ” ಎಂದಳು. ಕೈಯಲ್ಲಿ ಗುಂಡಿ ಹಿಡಿದುಕೊಂಡು ನಾನು ಹಾಗೆಯೇ ಕುಳಿತೆ. ನನ್ನ ಮುಂದೆ ದೀಪಗಳು ಹತ್ತಿ ಆರುತ್ತಿದ್ದವು, ನನಗೆ ಒಂದೂ ಕಾಣುತ್ತಿರಲಿಲ್ಲ.

ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದಂತೆ. ನೋವಿಲ್ಲ, ಕೆಂಪಿಲ್ಲ. ಅದಕ್ಕೇ ಇಷ್ಟು ವರ್ಷ ಗೊತ್ತಾಗಲಿಲ್ಲ.

ಈಗ ವೈದ್ಯರ ಬಗ್ಗೆ. ನಾನು ಈ ಆಸ್ಪತ್ರೆಯನ್ನು ಮೆಚ್ಚುವುದಾದರೆ ಆ ಮಧ್ಯಾಹ್ನದ ಇಪ್ಪತ್ತೈದು ನಿಮಿಷಕ್ಕಾಗಿ. ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು. ಅವರು ನನ್ನ ಚೀಟಿಯ ಹಿಂಬದಿಯಲ್ಲಿ ಕಣ್ಣಿನ ಚಿತ್ರ ಬರೆದರು. ಒಳಗೆ ಸದಾ ನೀರು ಊರುತ್ತಿರುತ್ತದೆ. ಅದು ಜಾಲರಿಯ ಮೂಲಕ ಹೊರಗೆ ಹೋಗುತ್ತದೆ. ಬಚ್ಚಲಿನ ಜಾಲರಿ ಕಟ್ಟಿಕೊಂಡರೆ ಏನಾಗುತ್ತದೋ ಅದೇ ಇಲ್ಲೂ ಆಗಿದೆ. ನಿಂತ ನೀರಿನ ಒತ್ತಡ ಕಣ್ಣಿನ ನರವನ್ನು ಸ್ವಲ್ಪಸ್ವಲ್ಪವಾಗಿ ತಿಂದಿದೆ. ಇಷ್ಟು ಹೇಳಿ ಪೆನ್ನು ಕೆಳಗಿಟ್ಟರು.

“ಯಜಮಾನರೇ, ನಿಮ್ಮ ಬಲಗಣ್ಣಿನ ಮಬ್ಬಿಗೆ ಎರಡು ಕಾರಣ ಇವೆ. ಪೊರೆಯಿಂದ ಹೋದದ್ದನ್ನು ನಾನು ತಂದುಕೊಡಬಲ್ಲೆ. ನರದಿಂದ ಹೋದದ್ದನ್ನು ಯಾರೂ ತಂದುಕೊಡಲಾರರು. ಉಳಿದದ್ದನ್ನು ಕಾಯೋಣ.”

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಮೊದಲ ಸಲ ವಿಷಯ ಸ್ಪಷ್ಟವಾಯಿತು. ಶಾಯಿ ಹರಡಿ ಮಸುಕಾದ ಪುಟವನ್ನು ಮತ್ತೆ ಅಚ್ಚು ಹಾಕಬಹುದು. ಬೈಂಡಿಂಗಿನಲ್ಲಿ ಅಂಚಿನ ಜೊತೆ ಅಕ್ಷರವೂ ಕತ್ತರಿಸಿಹೋದರೆ ಆ ಪುಟ ಹೋಯಿತೆಂದೇ ಲೆಕ್ಕ. ನನ್ನ ಬಲಗಣ್ಣಿನಲ್ಲಿ ಎರಡೂ ಆಗಿದ್ದವು. ಈ ಎರಡನ್ನು ಬಿಡಿಸಿ ಹೇಳದೆ ಆಪರೇಷನ್ ಮಾಡಿದ್ದರೆ, ಆಮೇಲೆ ನಾನು ಜೀವನಪೂರ್ತಿ ವೈದ್ಯರನ್ನು ಬೈದುಕೊಂಡಿರುತ್ತಿದ್ದೆ.

ಊರಿಗೆ ಮರಳಿದ ಮರುದಿನ ಬೆಳಗ್ಗೆ ವೀರೇಶ್ವರ ಪುಣ್ಯಾಶ್ರಮದ ಕಡೆ ನಡೆದುಹೋದೆ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬೆಳೆಸಿದ ಜಾಗ ಅದು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆಯುವ ಆ ಹುಡುಗರನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಅಂದು ಹಾರ್ಮೋನಿಯಂ ದನಿ ಕೇಳುತ್ತ ಬಹಳ ಹೊತ್ತು ನಿಂತೆ. ಭಯ ಹೋಯಿತು ಎಂದು ಹೇಳಲಾರೆ. ಚಿಕಿತ್ಸೆಗೆ ಮನಸ್ಸು ಗಟ್ಟಿಯಾಯಿತು.

ಮೊದಲ ಮೂರು ವಾರ ಮೂರು ಬಗೆಯ ಹನಿ ಹಾಕಿದರು: ರಾತ್ರಿ ಲ್ಯಾಟನೊಪ್ರೋಸ್ಟ್, ಹಗಲು ಟಿಮೊಲಾಲ್ ಮತ್ತು ಬ್ರಿಮೊನಿಡಿನ್. ಬ್ರಿಮೊನಿಡಿನ್‌ಗೆ ನನ್ನ ಬಾಯಿ ಒಣಗಿ ಮಧ್ಯಾಹ್ನವೇ ತೂಕಡಿಕೆ ಬರುತ್ತಿತ್ತು. ತಿಂಗಳಿಗೆ 1,300 ರೂಪಾಯಿ ಖರ್ಚು. ಎಡಗಣ್ಣು 16ಕ್ಕೆ ಇಳಿಯಿತು. ಬಲಗಣ್ಣು 25ಕ್ಕಿಂತ ಕೆಳಗೆ ಬರಲಿಲ್ಲ. ಆಗ ಆಪರೇಷನ್ ಮಾತು ಬಂತು.

ವೈದ್ಯರು ಮೂರು ದಾರಿ ಹೇಳಿದರು. ಪೊರೆ ಮಾತ್ರ ತೆಗೆದು ಹನಿ ಮುಂದುವರಿಸಬಹುದು. ಆದರೆ ಪೊರೆ ತೆಗೆದ ಮೊದಲ ದಿನಗಳಲ್ಲಿ ಒತ್ತಡ ಏಕಾಏಕಿ ಏರಬಹುದು. ಈಗಾಗಲೇ ಸವೆದ ನರ ಅದನ್ನು ತಾಳದು. ಗ್ಲುಕೋಮಾ ಆಪರೇಷನ್ ಮೊದಲು ಮಾಡಿ, ಪೊರೆಯನ್ನು ತಿಂಗಳುಗಳ ನಂತರ ತೆಗೆಯಬಹುದು. ಆದರೆ ಆ ಆಪರೇಷನ್ನಿನಿಂದ ಪೊರೆ ಇನ್ನೂ ಬೇಗ ಬಲಿಯುತ್ತದೆ, ಮತ್ತೆ ಕಣ್ಣಿಗೆ ಕೈ ಹಾಕಿದರೆ ಮೊದಲು ಮಾಡಿದ ನೀರಿನ ದಾರಿ ಮುಚ್ಚಿಕೊಳ್ಳುವ ಅಪಾಯವೂ ಇದೆ. ಮೂರನೆಯದು, ಎರಡನ್ನೂ ಒಟ್ಟಿಗೆ ಮಾಡುವುದು. ಒಂದೇ ಸಲ ಥಿಯೇಟರಿಗೆ ಹೋದರೆ ಸಾಕು. ಚೇತರಿಕೆ ಮಾತ್ರ ನಿಧಾನ, ಮತ್ತು ಗ್ಲುಕೋಮಾ ಆಪರೇಷನ್ ಒಂದನ್ನೇ ಮಾಡಿದಾಗ ಇಳಿಯುವಷ್ಟು ಒತ್ತಡ ಕೆಲವರಲ್ಲಿ ಇಳಿಯದು. ಈ ಕೊನೆಯ ಮಾತನ್ನೂ ಅವರು ಮುಚ್ಚಿಡಲಿಲ್ಲ.

ನೀರು ಹೊರಹೋಗಲೆಂದು ಕಣ್ಣಿನೊಳಗೆ ಕೂರಿಸುವ ಸ್ಟೆಂಟ್ ಎಂಬ ಸಣ್ಣ ನಳಿಕೆಯ ಬಗ್ಗೆ ಮಗಳು ಮೊಬೈಲಿನಲ್ಲಿ ಓದಿ ಕೇಳಿದ್ದಳು. ರೋಗ ಇನ್ನೂ ಆರಂಭದಲ್ಲಿರುವವರಿಗೆ, ಪೊರೆ ತೆಗೆಯುವಾಗಲೇ ಹಾಕಿದರೆ ಹನಿ ಕಡಿಮೆ ಮಾಡಿಕೊಳ್ಳಲು ಅದು ಸಾಕು, ಅಪ್ಪನ ಬಲಗಣ್ಣಿಗೆ ಅದರ ಬಲ ಸಾಲದು ಎಂದು ವೈದ್ಯರು ಹೇಳಿದರು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಯಲಬುರ್ಗಾ ಕಡೆಯ ಅಕ್ಕನಿಗೆ ಬೇರೆಯೇ ಸಲಹೆ. ಆಕೆಯದು ಮುಚ್ಚಿದ ಕೋನ. ಕಣ್ಣಿನೊಳಗಿನ ದಪ್ಪಗಾದ ಮಸೂರವೇ ಮುಂದಕ್ಕೆ ತಳ್ಳಿ ದಾರಿ ಅಡ್ಡಗಟ್ಟಿತ್ತು. ಅಂಥವರಲ್ಲಿ ಆ ಮಸೂರ ತೆಗೆದರೆ ಕೋನವೇ ತೆರೆದು ಒತ್ತಡ ಇಳಿಯುವುದುಂಟು. 2016ರಲ್ಲಿ ಪ್ರಕಟವಾದ ಈಗಲ್ ಎಂಬ ಅಧ್ಯಯನ ಇದನ್ನು 419 ರೋಗಿಗಳಲ್ಲಿ ಪರೀಕ್ಷಿಸಿ ನೋಡಿತ್ತು. ಹಾಗಾಗಿ ನೆರೆಮನೆಯವರಿಗೆ ಏನು ಮಾಡಿದರು ಎಂಬುದನ್ನು ಹಿಡಿದುಕೊಂಡು ಹೋಗಬೇಡಿ. ನಿಮ್ಮ ಕೋನ ಯಾವುದು, ನಿಮ್ಮ ನರ ಎಷ್ಟು ಉಳಿದಿದೆ ಎಂದು ಕೇಳಿ.

“ಇದು ಹೊಸ ಪ್ರಯೋಗವೇ?” ಎಂದು ಅಂಜುತ್ತ ಕೇಳಿದೆ. ಪೊರೆಯನ್ನು ಶಬ್ದತರಂಗದಿಂದ ಪುಡಿ ಮಾಡಿ ಹೀರುವ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಆರಂಭಿಸಿದರು. ಟ್ರಾಬೆಕ್ಯುಲೆಕ್ಟಮಿ ಎನ್ನುವ ಗ್ಲುಕೋಮಾ ಆಪರೇಷನ್ನನ್ನು ಕೇಂಬ್ರಿಜ್‌ನ ಕೇರ್ನ್ಸ್ 1968ರಲ್ಲಿ ವಿವರಿಸಿದರು. ಆಗ ನಾನು ಮರಳಿನಲ್ಲಿ ಅಕ್ಷರ ತಿದ್ದಿ, ಕನ್ನಡ ಶಾಲೆಯ ಪಾಟಿಗೆ ಬಂದಿದ್ದ ಹುಡುಗ. ನನ್ನ ವೃತ್ತಿಗಿಂತ ಹಳೆಯ ವಿದ್ಯೆ ಎಂದು ತಿಳಿದು ಸಮಾಧಾನವಾಯಿತು.

ಪೊರೆ ತೆಗೆದ ಜಾಗದಲ್ಲಿ ಕೂರಿಸುವ ಮಸೂರದ ವಿಷಯದಲ್ಲಿ ಒಂದು ಎಚ್ಚರಿಕೆ. ಕೌಂಟರಿನಲ್ಲಿ ದರಪಟ್ಟಿ ಮುಂದಿಟ್ಟ ಯುವಕ, ದೂರ ಹತ್ತಿರ ಎರಡೂ ಕಾಣುವ ದುಬಾರಿ ಮಸೂರವನ್ನೇ ಮೂರು ಸಲ ಹೊಗಳಿದ. ಮಗ ಹಣ ಕಳಿಸಲು ಸಿದ್ಧನಿದ್ದ. ವೈದ್ಯರನ್ನು ಕೇಳಿದಾಗ ನೇರವಾಗಿ ಬೇಡ ಎಂದರು: ಅದು ಬೆಳಕನ್ನು ಹಂಚುತ್ತದೆ, ಗ್ಲುಕೋಮಾ ಇರುವ ಕಣ್ಣಿಗೆ ಕಪ್ಪು ಬಿಳುಪಿನ ವ್ಯತ್ಯಾಸ ಮೊದಲೇ ಮಂದವಾಗಿರುತ್ತದೆ, ಇನ್ನಷ್ಟು ಮಂದವಾಗುತ್ತದೆ. ಒಂದೇ ದೂರಕ್ಕೆ ಹೊಂದುವ ಸಾದಾ ಮಸೂರ ಸಾಕು. “ಯಾವ ದೂರ ಬೇಕು?” ಎಂದು ಕೇಳಿದರು. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. “ಕರಡು ಹಿಡಿಯುವಷ್ಟು” ಎಂದು ಮೊಣಕೈ ಮಡಿಸಿ ತೋರಿಸಿದೆ. ಅವರು ಪಟ್ಟಿ ತೆಗೆದು ನನ್ನ ಕಣ್ಣಿನಿಂದ ಕೈಯವರೆಗೆ ಅಳೆದು ಬರೆದುಕೊಂಡರು. ಈ ಜೋಡಿ ಆಪರೇಷನ್ನಿನಲ್ಲಿ ಕಣ್ಣಿನ ಆಕಾರ ತುಸು ಬದಲಾಗುವುದರಿಂದ ಅಳತೆ ಸ್ವಲ್ಪ ಆಚೀಚೆ ಆಗಬಹುದು ಎಂದೂ ಹೇಳಿದರು.

ಫೆಬ್ರುವರಿ ಮೂರನೆಯ ವಾರ ಆಪರೇಷನ್ ಆಯಿತು. ಕಣ್ಣಿನ ಸುತ್ತ ಚುಚ್ಚುಮದ್ದು ಕೊಟ್ಟಾಗ ಉರಿಯಿತು, ಆಮೇಲೆ ಏನೂ ತಿಳಿಯಲಿಲ್ಲ. ಸುಮಾರು ಐವತ್ತು ನಿಮಿಷ. ಮೇಲೆ ಎರಡು ಬಿಳಿ ದೀಪ, ಅವುಗಳ ಮೇಲೆ ನೀರು ಹರಿದಂತೆ. ಯಂತ್ರದ ಸಣ್ಣ ಗುಂಯ್ ದನಿ. ಸಿಸ್ಟರ್ ಒಬ್ಬರು ಉದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು. ಪೊರೆ ತೆಗೆದು ಮಸೂರ ಕೂರಿಸಿದರು. ಮೇಲಿನ ರೆಪ್ಪೆಯ ಅಡಿಯಲ್ಲಿ ಬಿಳಿಗುಡ್ಡೆಗೆ ಸಣ್ಣ ಮುಚ್ಚಳದಂಥ ದಾರಿ ಮಾಡಿದರು. ಗಾಯ ಕಲೆಗಟ್ಟಿ ಆ ದಾರಿ ಮುಚ್ಚದಿರಲಿ ಎಂದು ಮೈಟೊಮೈಸಿನ್ ಎಂಬ ಔಷಧ ಹಚ್ಚಿದರು. ಒಳಗಿನ ನೀರು ಆ ದಾರಿಯಿಂದ ಬಂದು ರೆಪ್ಪೆಯ ಅಡಿಯಲ್ಲಿ ಸೇರಿ, ಅಲ್ಲಿಂದ ರಕ್ತಕ್ಕೆ ಇಂಗುತ್ತದೆ. ಈಗಲೂ ಕನ್ನಡಿಯ ಮುಂದೆ ರೆಪ್ಪೆ ಎತ್ತಿ ಕೆಳಗೆ ನೋಡಿದರೆ ನೆನೆದ ಸಾಬೂದಾಣಿಯಂಥ ಗುಳ್ಳೆ ಕಾಣುತ್ತದೆ. ನನ್ನ ಕಣ್ಣನ್ನು ಕಾಯುತ್ತಿರುವುದು ಅದೇ.

ಖರ್ಚು: ಮಸೂರ ಸೇರಿ ಆಪರೇಷನ್ನಿಗೆ 38,000, ಪರೀಕ್ಷೆಗಳಿಗೆ 2,200, ಔಷಧಿಗೆ 2,900. ಬಿಲ್ಲು ಮೊದಲೇ ಹೇಳಿದ್ದಕ್ಕಿಂತ ಒಂದು ರೂಪಾಯಿಯೂ ಏರಲಿಲ್ಲ. ಸಾಮಾನ್ಯ ವಾರ್ಡು ಸ್ವಚ್ಛವಾಗಿತ್ತು.

ಮರುದಿನ ಪಟ್ಟಿ ಬಿಚ್ಚಿದಾಗ ವಾರ್ಡಿನಲ್ಲಿ ಪೊರೆ ಮಾತ್ರ ತೆಗೆಸಿದವರು ಗಡಿಯಾರದ ಮುಳ್ಳು ಕಾಣುತ್ತದೆ ಎಂದು ಸಂತೋಷಪಡುತ್ತಿದ್ದರು. ನನಗೆ ಮೊದಲಿಗಿಂತಲೂ ಮಬ್ಬು. ಒತ್ತಡ 8 ಇದೆ, ಎಲ್ಲ ಸರಿಯಿದೆ, ನಿಮ್ಮದಕ್ಕೆ ಎರಡು ತಿಂಗಳು ಬೇಕು ಎಂದು ವೈದ್ಯರು ಹಾಸಿಗೆಯ ಪಕ್ಕದಲ್ಲಿ ನಿಂತು ಮತ್ತೊಮ್ಮೆ ಹೇಳಿದರು. ಮುಂಚೆಯೇ ಹೇಳಿದ್ದರೂ ಆ ಗಳಿಗೆಯಲ್ಲಿ ಆ ಮಾತು ಬೇಕಾಗಿತ್ತು.

ಇನ್ನು ತಪ್ಪಿನ ವಿಚಾರ. ಬಿಡುಗಡೆ ಚೀಟಿಯಲ್ಲಿ ‘ಹಳೆಯ ಗ್ಲುಕೋಮಾ ಹನಿ ನಿಲ್ಲಿಸುವುದು’ ಎಂದು ಅಚ್ಚಾಗಿತ್ತು. ಯಾವ ಕಣ್ಣಿಗೆ ಎಂದು ಇರಲಿಲ್ಲ. ಹೆಂಡತಿ ಓದಿ ಹೇಳಿದಂತೆ ಎರಡೂ ಕಣ್ಣಿಗೆ ನಿಲ್ಲಿಸಿದೆವು. ನಿಲ್ಲಿಸಬೇಕಾಗಿದ್ದದ್ದು ಆಪರೇಷನ್ ಆದ ಬಲಗಣ್ಣಿಗೆ ಮಾತ್ರ. ಒಂದು ವಾರದ ನಂತರ ತಪಾಸಣೆಗೆ ಹೋದಾಗ ಎಡಗಣ್ಣಿನ ಒತ್ತಡ 16ರಿಂದ 23ಕ್ಕೆ ಏರಿತ್ತು. ನನಗೆ ಉಳಿದಿರುವ ಒಳ್ಳೆಯ ಕಣ್ಣು ಅದು. ವೈದ್ಯರು ಚೀಟಿ ನೋಡಿ, “ತಪ್ಪು ನಮ್ಮದು, ನಿಮ್ಮದಲ್ಲ” ಎಂದು ಅಲ್ಲಿಯೇ ಒಪ್ಪಿಕೊಂಡರು, ಕೈಯಿಂದ ತಿದ್ದಿ ಬರೆದುಕೊಟ್ಟರು. ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಎಂಟು ತಿಂಗಳ ನಂತರ ಎಡಗಣ್ಣಿನ ಪೊರೆ ತೆಗೆಸಲು ಹೋದಾಗ, ಪಕ್ಕದ ಹಾಸಿಗೆಯ ರೋಗಿಯ ಕೈಯಲ್ಲಿ ಅದೇ ಸಾಲಿನ ಅದೇ ಚೀಟಿ ಇತ್ತು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಒಬ್ಬ ವೈದ್ಯರು ಒಬ್ಬ ರೋಗಿಯ ಚೀಟಿ ತಿದ್ದಿದರೆ ಏನು ಬಂತು, ಮೂಲ ಪ್ರತಿಯಲ್ಲಿ ತಪ್ಪು ಹಾಗೆಯೇ ಉಳಿದಿದ್ದರೆ? ಲಗ್ನಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೆ ಮದುವೆ ನಿಲ್ಲುವುದಿಲ್ಲ. ಇಲ್ಲಿ ಒಂದು ಪದ ಬಿಟ್ಟುಹೋದರೆ ಕಣ್ಣಿಗೇ ಕುತ್ತು.

ಇನ್ನೊಂದು ಕೊರತೆ, ಮೊದಲ ಎರಡು ತಿಂಗಳಲ್ಲಿ ಏಳು ಸಲ ಹುಬ್ಬಳ್ಳಿಗೆ ಓಡಾಡಬೇಕು ಎಂದು ಕೌಂಟರಿನಲ್ಲಿ ಯಾರೂ ಮುಂಚೆ ಹೇಳಲಿಲ್ಲ. ಆ ಓಡಾಟ ವ್ಯರ್ಥವಲ್ಲ. ಎರಡನೆಯ ವಾರ ಬಲಗಣ್ಣಿನ ಒತ್ತಡ 20ಕ್ಕೆ ಏರಿದಾಗ ಲೇಸರಿನಿಂದ ಒಂದು ಹೊಲಿಗೆ ಸಡಿಲಿಸಿ 12ಕ್ಕೆ ತಂದರು. ಆಪರೇಷನ್ನಿನ ಅರ್ಧ ಕೆಲಸ ಈ ತಪಾಸಣೆಗಳಲ್ಲೇ ಇದೆ. ಆದರೆ ಕೂಲಿ ಬಿಟ್ಟು ಬರುವವರು ಅದಕ್ಕೂ ಹಣ, ಜೊತೆಗೊಬ್ಬರನ್ನು ಹೊಂದಿಸಿಕೊಳ್ಳಬೇಕಲ್ಲ.

ಆ ಏಳು ಭೇಟಿಗಳಲ್ಲಿ ಒಂದರಲ್ಲಿ ಸಿಸ್ಟರ್ ನನಗೆ ಕೊಟ್ಟ ಕಾರ್ಡು ಈಗಲೂ ಜೇಬಿನಲ್ಲಿದೆ. ಕಣ್ಣು ಕೆಂಪಾದರೆ, ನೋವು ಬಂದರೆ, ಪಿಸುರು ಬಂದರೆ, ಎಷ್ಟು ವರ್ಷದ ನಂತರವಾದರೂ ಸರಿ, ಅಂದೇ ಬರಬೇಕು ಎಂದು ಅದರಲ್ಲಿದೆ. ಆ ಗುಳ್ಳೆಯ ಗೋಡೆ ತೆಳುವಾದ್ದರಿಂದ ಸೋಂಕು ಒಳಗಿಳಿಯುವ ಅಪಾಯ ಕೊನೆಯವರೆಗೂ ಇರುತ್ತದೆ. ಕಣ್ಣು ಉಜ್ಜುವ ಅಭ್ಯಾಸವನ್ನು ಪೂರ್ತಿ ಬಿಟ್ಟೆ.

ಎರಡೂವರೆ ವರ್ಷವಾಯಿತು. ಬಲಗಣ್ಣಿನ ಒತ್ತಡ ಹನಿಯಿಲ್ಲದೆ 12, 13ರಲ್ಲಿ ನಿಂತಿದೆ. ಎಡಗಣ್ಣಿಗೆ ಪೊರೆ ಮಾತ್ರ ತೆಗೆದರು, ರಾತ್ರಿಯ ಒಂದು ಹನಿ ಮುಂದುವರಿದಿದೆ. ನೇರ ಇರುವುದು ಈಗ ಬಲಗಣ್ಣಿಗೂ ಸ್ಪಷ್ಟ: ಧಕಾರದ ಸೀಳು, ಫಕಾರದ ಸೀಳು, ಷಕಾರದ ಹೊಟ್ಟೆಯೊಳಗಿನ ಗೆರೆ ಎಲ್ಲವೂ. ಎಡಗಣ್ಣು ಮುಚ್ಚಿದರೆ ಸಾಲಿನ ಮೊದಲ ಪದ ಮಾತ್ರ ಈಗಲೂ ಇಲ್ಲ. ಅದು ನರದ ಜೊತೆ ಹೋದದ್ದು. ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟುಕೊಂಡು, ಪಟ್ಟಿ ಕಂಡ ಮೇಲೆಯೇ ಓದಲು ಶುರು ಮಾಡುತ್ತೇನೆ. ದಿನಕ್ಕೆ ಎರಡು ಫಾರಂ ಕರಡು ನೋಡುತ್ತಿದ್ದೇನೆ.

ಗ್ಲುಕೋಮಾ ರಕ್ತಸಂಬಂಧಿಗಳಲ್ಲಿ ಬರುವುದು ಹೆಚ್ಚು ಎಂದು ವೈದ್ಯರು ಹೇಳಿದ್ದರಿಂದ ತಮ್ಮನನ್ನು ಬಲವಂತವಾಗಿ ಕರೆದುಕೊಂಡು ಹೋದೆ. ಅವನಿಗೆ 54, ಕನ್ನಡಕವೂ ಇರಲಿಲ್ಲ. ಒತ್ತಡ 26. ನರಕ್ಕೆ ಇನ್ನೂ ಹೆಚ್ಚು ಪೆಟ್ಟಾಗಿಲ್ಲ, ಹನಿ ಶುರುವಾಗಿದೆ. ಮಗಳಿಗೆ ಸದ್ಯಕ್ಕೆ ಏನೂ ಇಲ್ಲ.

ಮುಂದಿನ ತಿಂಗಳು ನನ್ನ ದೃಷ್ಟಿ ಕ್ಷೇತ್ರದ ಪರೀಕ್ಷೆ ಇದೆ. ಚೀಟಿಯ ಹೊಸ ನಮೂನೆಯನ್ನು ದೊಡ್ಡ ಅಕ್ಷರದಲ್ಲಿ ಟೈಪು ಮಾಡಿಸಿ ಕಳೆದ ಸಲವೇ ಕೊಟ್ಟು ಬಂದಿದ್ದೇನೆ, ಈ ಸಲ ಮತ್ತೆ ಕೇಳುತ್ತೇನೆ. ಅದರಲ್ಲಿರುವುದು ಎರಡೇ ಸಾಲು: ‘ಆಪರೇಷನ್ ಆದ ____ ಕಣ್ಣಿಗೆ ಹಳೆಯ ಹನಿ ನಿಲ್ಲಿಸಿ. ಇನ್ನೊಂದು ಕಣ್ಣಿಗೆ, ಅಂದರೆ ____ ಕಣ್ಣಿಗೆ, ಹಳೆಯ ಹನಿ ಒಂದು ದಿನವೂ ತಪ್ಪಿಸದೆ ಹಾಕಿ.’